ಉಪವಾಸ ಬಿದ್ದು ಬಡಕಲಾದ ಜಟಕಾ ಕುದುರೆಯನ್ನು ಮತ್ತೆ ಗಾಡಿಗೆ ಕಟ್ಟಬಹುದೇ?

ಕಟ್ಟಬಹುದು, ಆದರೆ ಮೈ ತುಂಬಲು ಸಾಮಾನ್ಯವಾಗಿ 6ರಿಂದ 10 ತಿಂಗಳು ಬೇಕು.

ಅನಾಹುತ ಆಗುವುದು ನಮ್ಮ ಕರುಣೆಯಿಂದಲೇ. ಪಕ್ಕೆಲುಬು ಎಣಿಸುವಂತಿರುವ ಕುದುರೆ ಕಂಡರೆ ಬಕೆಟ್ ತುಂಬ ಬೇಯಿಸಿದ ಹುರುಳಿ ಇಟ್ಟುಬಿಡುತ್ತೇವೆ. ಕಾಳಿನ ಪಿಷ್ಟ ಒಮ್ಮೆಲೇ ಒಳಗೆ ಹೋದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಳಿದುಳಿದ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ಹೃದಯ ತಾಳ ತಪ್ಪಿ, ತಿನ್ನಲು ಶುರುಮಾಡಿದ ನಾಲ್ಕೈದು ದಿನಕ್ಕೇ ಕುದುರೆ ಸಾಯಬಹುದು.

ಆದ್ದರಿಂದ ಮೊದಲ 3 ದಿನ ಪಶುವೈದ್ಯರ ಕಣ್ಣೆದುರು ಪಿಷ್ಟ ಕಡಿಮೆಯಿರುವ ಒಣಗಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), 4 ಗಂಟೆಗೊಮ್ಮೆ ಅರ್ಧ ಕಿಲೋ ಮಾತ್ರ. ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ಹಲ್ಲು, ಜಂತುಹುಳು, ಗೊರಸು ನೋಡಿಸಿ.

ಭುಜದ ಮೇಲೆ ಮಾಂಸ ತುಂಬುವವರೆಗೆ ಪಟ್ಟಿ ಬಿಗಿಯಬೇಡಿ. ಮೂಳೆಗೆ ಉಜ್ಜಿ ಹುಣ್ಣಾಗುತ್ತದೆ. ಶುರುವಿಗೆ ಕೈಯಲ್ಲಿ ಹಿಡಿದು ನಡೆಸಿ, ನಂತರ ಖಾಲಿ ಗಾಡಿ. ಗಾಡಿಗೆ ಜನರನ್ನು ಹತ್ತಿಸುವುದು ಕೊನೆಗೆ.