ಅಕ್ಕಾ, ಒಬ್ನೇ ಹಾಡಿದ್ರ ಯಾಕ ಯಾರೂ ಕೇಳವಲ್ರು?

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ಬಳ್ಳಾರಿ, ಕೌಲ್ ಬಜಾರ್ ಕಡೆಯವನು. ಜೀನ್ಸ್ ವಾಷಿಂಗ್ ಯುನಿಟ್‌ನಲ್ಲಿ ಕೆಲಸ. ಡಿಗ್ರಿ ಓದುವಾಗ ನಾಲ್ಕು ಜನ ಗೆಳೆಯರು ಸೇರಿ ಕನ್ನಡ ರ‍್ಯಾಪ್ ಗುಂಪು ಕಟ್ಟಿದ್ವಿ. ನಮ್ಮ ಒಂದು ಹಾಡು ಯೂಟ್ಯೂಬ್‌ನಲ್ಲಿ ಎರಡು ಲಕ್ಷ ದಾಟಿತು. ಸ್ಟೇಜ್ ಮೇಲೆ ನನ್ನ ಸಾಲು ಬಂದಾಗಲೇ ಜಾಸ್ತಿ ಸೀಟಿ. ಎಲ್ರೂ ‘ನೀ ಒಬ್ನೇ ಮಾಡಲೇ, ಎಲ್ಲೋ ಹೋಗ್ತಿ’ ಅಂದ್ರು. ಹೋದ ವರ್ಷ ಜಗಳ ಮಾಡಿಕೊಂಡೇ ಹೊರಗೆ ಬಂದೆ. ಮೂರು ಹಾಡು ಮಾಡಿದೆ. ಒಂದೂ ಎರಡು ಸಾವಿರ ದಾಟಲಿಲ್ಲ. ನಾನು ಒಬ್ನೇ ಹಾಡಿದ್ರ ಯಾಕ ಯಾರೂ ಕೇಳವಲ್ರು? ಈಗ ಕಾಲೇಜಿನ ಕಾರ್ಯಕ್ರಮದಲ್ಲಿ ಹಳೇ ಹಾಡಿಗಷ್ಟೇ ಬಾ ಅಂತ ಗೆಳೆಯರು ಕರೆದಿದ್ದಾರೆ. ಹೋದ್ರೆ ಸೋತು ಬಂದ ಅಂತಾರೆ. ಶಿಫ್ಟ್ ಮುಗಿಸಿ ಮನೆಗೆ ಬಂದ್ರೂ ಉಗುರು ನೀಲಿನೇ ಇರ್ತಾವು, ಆ ಕೈಯಲ್ಲೇ ರಾತ್ರಿ ಒಂದರ ತನಕ ಬರೀತೀನಿ. ಅಪ್ಪ ‘ಸಾಕು ಬಿಡು’ ಅಂತಾನೆ. ನನ್ನಲ್ಲಿ ದಮ್ ಇಲ್ವಾ? ಬಿಟ್ಟುಬಿಡ್ಲಾ?

ತಮ್ಮಾ, ನೀನು ಕಳಿಸಿದ ನಾಲ್ಕೂ ಹಾಡು ಕೇಳಿದೆ. ಹಳೆಯದನ್ನಂತೂ ಆರೇಳು ಸಲ ಕೇಳಿದೆ. ನಿನ್ನಲ್ಲಿ ದಮ್ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಅನುಮಾನ ಇಟ್ಟುಕೊಂಡು ಓದಿದರೆ ಮುಂದಿನ ಮಾತೆಲ್ಲ ಬೈಗುಳದ ಹಾಗೆ ಕೇಳಿಸುತ್ತದೆ.

ಆ ಹಳೇ ಹಾಡನ್ನೇ ತೆಗೆದುಕೋ. ಮೊದಲು ಒಬ್ಬ ಗೆಳೆಯ ಮಾತಾಡಿದ ಹಾಗೆ ಶುರು ಮಾಡುತ್ತಾನೆ. ಎರಡನೆಯವನದು ಮೆತ್ತನೆ ದನಿ, ಹೆಚ್ಚುಕಮ್ಮಿ ಜೋಗುಳದ ಹಾಗೆ. ಅವನು ಮುಗಿಸುವ ಹೊತ್ತಿಗೆ ಹಿಂದೆ ಬಡಿಯುವ ಸಂಗೀತ, ಅದೇ ಬೀಟ್, ಪೂರ್ತಿ ನಿಂತುಹೋಗುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನೀನು ಬರುತ್ತೀಯ, ಬಾಗಿಲು ಒದ್ದುಕೊಂಡು ಬಂದ ಹಾಗೆ. ನನಗೂ ಮೈ ಜುಮ್ ಅಂತು. ಆದರೆ ತಿರುಗಿಸಿ ತಿರುಗಿಸಿ ಕೇಳಿದಾಗ ಗೊತ್ತಾಗಿದ್ದು ಇಷ್ಟು: ಆ ಜುಮ್ ಅನ್ನಿಸುವುದು ನಿನ್ನ ಮೊದಲ ಶಬ್ದಕ್ಕೂ ಮುಂಚೆ, ಆ ಖಾಲಿ ಜಾಗದಲ್ಲೇ ಶುರುವಾಗಿರುತ್ತದೆ. ಆ ಜಾಗ ಮಾಡಿಕೊಟ್ಟವರು ಬೇರೆಯವರು.

ಈಗ ನಿನ್ನ ಸ್ವಂತ ಹಾಡು. ಮೊದಲ ಸೆಕೆಂಡಿಗೇ ಅದೇ ಏರುದನಿ, ಅದೇ ವೇಗ, ಕೊನೆಯ ತನಕ. ನಿಂತುಕೊಳ್ಳಲು ನೆರಳೇ ಇಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ರ‍್ಯಾಪ್‌ನಲ್ಲಿ ಒಬ್ಬನ ಪಾಲು ಸಾಮಾನ್ಯವಾಗಿ 16 ಬಾರ್ ಅಲ್ವಾ? ಒಂದು ಬಾರ್‌ಗೆ ನಾಲ್ಕು ಬಡಿತ. ನಿಮಿಷಕ್ಕೆ 90 ಬಡಿತದ ಬೀಟ್ ಅಂದರೆ ನಿನ್ನ ಪಾಲು ಸುಮಾರು 43 ಸೆಕೆಂಡ್. ಗುಂಪಿನಲ್ಲಿದ್ದಷ್ಟು ದಿನ ನೀನು ಪಳಗಿದ್ದು ಈ 43 ಸೆಕೆಂಡಿನಲ್ಲಿ. ಮೂರು ನಿಮಿಷದ ಹಾಡು ಅಂದರೆ 67 ಬಾರ್ ಮೇಲಾಯಿತು. 16 ಬಾರ್ ಬರೆಯುವವನು ಅದನ್ನೇ ನಾಲ್ಕು ಪಟ್ಟು ಮಾಡಿದರೆ ಹಾಡು ಆಗುವುದಿಲ್ಲ. ಏರು ಎಲ್ಲಿ, ಇಳಿವು ಎಲ್ಲಿ, ಯಾವುದನ್ನು ಮತ್ತೆ ಮತ್ತೆ ಹೇಳಬೇಕು, ಎಲ್ಲಿ ಸುಮ್ನೆ ಇರಬೇಕು ಅನ್ನುವುದನ್ನೆಲ್ಲ ನಿಮ್ಮ ನಾಲ್ವರ ನಡುವೆ ಯಾರೋ ನೋಡಿಕೊಳ್ಳುತ್ತಿದ್ದರು. ಈಗ ಅಷ್ಟೂ ಕೆಲಸ ನಿನ್ನ ತಲೆ ಮೇಲೆ ಬಿದ್ದಿದೆ. ನೀನು ಇನ್ನೂ ಅದನ್ನು ಕಲಿತಿಲ್ಲ.

ನಮ್ಮೂರು ಲಿಂಗಸುಗೂರು ತಾಲ್ಲೂಕಿನ ಹಳ್ಳಿ. ಅಲಾಯಿ ಹಬ್ಬ, ಅಂದರೆ ಮೊಹರಂ ಬಂದರೆ ನಮ್ಮ ಸೋದರಮಾವ ರಿವಾಯತ್ ಪದ ಹಾಡುತ್ತಿದ್ದ. ಮುಂದಿನವರು ಒಂದು ಸಾಲು ಎತ್ತಿದರೆ ಹಿಂದಿನವರು ಅದನ್ನೇ ಹಿಡಿದು ತಿರುಗಿಸುತ್ತಿದ್ದರು. ಮಾವ ದನಿ ಏರಿಸಿದರೆ ಪಕ್ಕದ ಓಣಿಯವರೂ ಎದ್ದು ಬರುತ್ತಿದ್ದರು. ಯಾರೋ ಹುರಿದುಂಬಿಸಿದರು ಅಂತ ಒಂದು ವರ್ಷ ಒಬ್ಬನೇ ಕೂತು ಕ್ಯಾಸೆಟ್ ತುಂಬಿಸಿದ. ಮನೆಯಲ್ಲಿ ಟೇಪ್ ಹಾಕಿದ. ಅತ್ತೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಎರಡನೇ ಪದಕ್ಕೇ ‘ಸ್ವಲ್ಪ ಸಣ್ಣ ಮಾಡ್ರಿ, ತಲಿ ನೋಯಾಕತ್ತೈತಿ’ ಅಂದಳು. ಮಾವನ ಮುಖ ನನಗೆ ಇನ್ನೂ ನೆನಪಿದೆ. ದನಿ ಅದೇ, ಪದ ಅದೇ. ಹಿಂದಿನವರು ತಿರುಗಿಸುವಾಗ ಸಿಗುತ್ತಿದ್ದ ಉಸಿರು ಮಾತ್ರ ಇರಲಿಲ್ಲ. ಮುಂದಿನ ಸಲ ಇಬ್ಬರು ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿಸಿದ. ಆ ಕ್ಯಾಸೆಟ್ಟನ್ನು ಅತ್ತೆ ತಾನಾಗಿಯೇ ಹಾಕಿಕೊಂಡು ಕೇಳುತ್ತಿದ್ದಳು.

ನಿಮ್ಮ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುರ್ರಕಥೆಗೆ ಹೆಸರಾದವರು. ಅಷ್ಟು ದೊಡ್ಡ ಕಲಾವಿದೆಗೂ ಪಕ್ಕದಲ್ಲಿ ದನಿಗೂಡಿಸುವವರು ಬೇಕಿತ್ತು. ಕಥೆ ಹೇಳುವವರಿಗೆ ಅದೇನೂ ಕಡಿಮೆ ಅನ್ನಿಸುವುದಿಲ್ಲ.

ರ‍್ಯಾಪ್ ಹುಟ್ಟಿದ ಅಮೆರಿಕದಲ್ಲೂ ನಿನ್ನ ಕಥೆ ಹೊಸದೇನಲ್ಲ. ವು-ಟ್ಯಾಂಗ್ ಕ್ಲ್ಯಾನ್ ಅನ್ನುವ ಗುಂಪು ಗೊತ್ತಿರುತ್ತೆ ನಿನಗೆ. 1993ರಲ್ಲಿ ಒಂಬತ್ತು ಜನ ಸೇರಿ ಮೊದಲ ಆಲ್ಬಮ್ ತಂದರು. ಅವರಲ್ಲಿ ಇನ್‌ಸ್ಪೆಕ್ಟಾ ಡೆಕ್ ಒಬ್ಬ. ಗುಂಪಿನ ಹಾಡುಗಳಲ್ಲಿ ಅವನ ಸಾಲುಗಳನ್ನು ಜನ ಇವತ್ತಿಗೂ ಬಾಯಿಪಾಠ ಹೇಳುತ್ತಾರೆ. ಆದರೂ ಒಬ್ಬನೇ ಮಾಡಿದಾಗ ಆ ಎತ್ತರ ಸಿಗಲಿಲ್ಲ. ಕಾರಣ ಪ್ರತಿಭೆ ಅಲ್ಲ. ಗುಂಪಿನ ಬೀಟ್ ಮಾಡುತ್ತಿದ್ದ ಆರ್‌ಝಡ್‌ಎ ಮನೆಯ ನೆಲಮಾಳಿಗೆಗೆ ನೀರು ನುಗ್ಗಿತು. ಡೆಕ್‌ಗಾಗಿ ಮಾಡಿಟ್ಟಿದ್ದ ಬೀಟ್‌ಗಳು ಹಾಳಾದವು. 1994-95ರಲ್ಲೇ ಅದೇ ಗುಂಪಿನ ಮೆಥಡ್ ಮ್ಯಾನ್, ರೇಕ್ವಾನ್ ಅವರ ಸ್ವಂತ ಆಲ್ಬಮ್‌ಗಳು ಬಂದು ಹೆಸರು ಮಾಡಿದ್ದವು. ಡೆಕ್‌ನದು ಬಂದಿದ್ದು 1999ರಲ್ಲಿ, ಅದೂ ಹೆಚ್ಚಿನ ಹಾಡುಗಳಿಗೆ ಬೇರೆ ಬೀಟ್. ಕಾಲ ಮೀರಿತ್ತು, ಕಿವಿಗೆ ಪರಿಚಯದ ಸದ್ದೂ ಇರಲಿಲ್ಲ.

ನೀನು ಮನಸ್ಸಿನಲ್ಲಿ ‘ಐಸ್ ಕ್ಯೂಬ್ ಗೆದ್ದನಲ್ಲ’ ಅಂತಿರಬಹುದು. ಹೌದು, ಗೆದ್ದ. 1989ರ ಕೊನೆಗೆ ದುಡ್ಡಿನ ತಕರಾರಿಗೆ ಎನ್‌ಡಬ್ಲ್ಯೂಎ ಅನ್ನುವ ತನ್ನ ರ‍್ಯಾಪ್ ಗುಂಪು ಬಿಟ್ಟ, 1990ರಲ್ಲೇ ಆಲ್ಬಮ್ ತಂದ. ಆದರೆ ಅವನು ಹೋಗಿದ್ದು ಎಲ್ಲಿಗೆ ನೋಡು. ಲಾಸ್ ಏಂಜಲೀಸ್ ಬಿಟ್ಟು ನ್ಯೂಯಾರ್ಕ್‌ಗೆ, ಪಬ್ಲಿಕ್ ಎನಿಮಿ ಗುಂಪಿಗೆ ಸಂಗೀತ ಮಾಡುತ್ತಿದ್ದ ಬಾಂಬ್ ಸ್ಕ್ವಾಡ್ ಹತ್ತಿರ. ಇನ್ನೊಂದು ವಿಷಯ, ಎನ್‌ಡಬ್ಲ್ಯೂಎ ಹಾಡುಗಳಲ್ಲಿ ಎಷ್ಟೋ ಅವನೇ ಬರೆದಿದ್ದವು, ಬೇರೆಯವರು ಹಾಡುವ ಸಾಲು ಕೂಡ. ಇಡೀ ಹಾಡು ಕಟ್ಟುವುದು ಅವನಿಗೆ ಮೊದಲೇ ರೂಢಿಯಿತ್ತು. ಒಬ್ಬನೇ ಹೋದ ಅನ್ನುವುದು ಹೊರಗಿನಿಂದ ಕಾಣುವ ಮಾತು.

ಹಾಗಾಗಿ ನಾನು ನಿನಗೆ ಕೇಳಬೇಕಾದ ಪ್ರಶ್ನೆ: ನಿಮ್ಮ ಬೀಟ್ ಮಾಡುತ್ತಿದ್ದ ಗೆಳೆಯ ಈಗ ಎಲ್ಲಿದ್ದಾನೆ? ಪತ್ರದಲ್ಲಿ ಅವನ ಬಗ್ಗೆ ಒಂದಕ್ಷರ ಇಲ್ಲ. ನಿನ್ನ ಮೂರೂ ಹಾಡಿನ ಬೀಟ್ ಇಂಟರ್‌ನೆಟ್‌ನಿಂದ ತೆಗೆದದ್ದು ಅನ್ನಿಸುತ್ತದೆ. ತಪ್ಪೇನಿಲ್ಲ, ಶುರುವಿನಲ್ಲಿ ಎಷ್ಟೋ ಜನ ಹಾಗೇ ಮಾಡುತ್ತಾರೆ. ಆದರೆ ಆ ಬೀಟ್‌ಗೆ ನೀನು ಯಾರು ಅಂತ ಗೊತ್ತಿಲ್ಲ. ನೀನು ಎಲ್ಲಿ ಉಸಿರು ಎಳೆದುಕೊಳ್ಳುತ್ತೀಯ ಅಂತ ತಿಳಿದವನು ಮಾತ್ರ ಅಲ್ಲಿ ಬಡಿತ ನಿಲ್ಲಿಸಬಲ್ಲ. ಜೊತೆಗೆ, ಬರೆದದ್ದು ಚೆನ್ನಾಗಿಲ್ಲ ಅಂದರೆ ‘ಲೇ, ಈ ಸಾಲು ತೆಗಿ’ ಅನ್ನುವವರು ಗುಂಪಿನಲ್ಲಿ ಮೂವರಿದ್ದರು. ಈಗ ರಾತ್ರಿ ಒಂದು ಗಂಟೆಗೆ ಅದನ್ನು ಹೇಳಲು ಯಾರಿದ್ದಾರೆ?

ಇನ್ನು ನಿನ್ನ ಮಾತುಗಳು. ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿ ಹೇಳಬೇಕು. ಮೂರೂ ಹಾಡಿನಲ್ಲಿ ನಾನು ಹಾಗೆ, ನಾನು ಹೀಗೆ, ನನ್ನ ಮುಂದೆ ಯಾರು ಅನ್ನುವುದೇ. ಗುಂಪಿನಲ್ಲಿ ಒಬ್ಬ ತಮಾಷೆ ಮಾಡುತ್ತಿದ್ದ, ಒಬ್ಬ ಊರಿನ ಕಥೆ ಹೇಳುತ್ತಿದ್ದ, ಎದೆ ತಟ್ಟಿಕೊಳ್ಳುವ ಪಾಲು ನಿನ್ನದಾಗಿತ್ತು. 43 ಸೆಕೆಂಡಿಗೆ ಅದು ಒಗ್ಗರಣೆ ಹಾಗೆ, ಊಟದ ರುಚಿ ಎತ್ತುತ್ತದೆ. ಬರೀ ಒಗ್ಗರಣೆಯನ್ನೇ ತಟ್ಟೆಗೆ ಬಡಿಸಿದರೆ ಹೇಗೆ ಉಣ್ಣುವುದು?

ನಿನ್ನ ಪತ್ರದಲ್ಲೇ ಒಂದು ಸಾಲು ಇದೆ, ಶಿಫ್ಟ್ ಮುಗಿಸಿ ಬಂದ್ರೂ ಉಗುರು ನೀಲಿನೇ ಇರ್ತಾವು ಅಂತ. ಅದನ್ನು ಓದಿ ನಾನು ಅಲ್ಲೇ ನಿಂತೆ. ಬಳ್ಳಾರಿ ಜೀನ್ಸ್ ಎಲ್ಲೆಲ್ಲೋ ಹೋಗುತ್ತದೆ, ಅದನ್ನು ತೊಳೆದ ಕೈಯ ಬಣ್ಣ ಮಾತ್ರ ಇಲ್ಲೇ ಉಳಿಯುತ್ತದೆ. ಆ ಸಾಲು ನಿನ್ನ ಮೂರೂ ಹಾಡಿಗಿಂತ ಮೇಲು. ಅದು ನಿನ್ನ ಬಾಯಿಂದಲೇ ಬರಬೇಕಾದ ಮಾತು. ಗುಂಪಿನಲ್ಲಿದ್ದಾಗ ಅದಕ್ಕೆ ಜಾಗ ಸಿಕ್ಕಿರಲಿಕ್ಕಿಲ್ಲ. ಒಬ್ಬನೇ ಹಾಡಬೇಕು ಅನ್ನುವುದಕ್ಕೆ ಒಂದು ಕಾರಣ ಇದ್ದರೆ ಅದು ಇದೇ. ನಿನ್ನದೇ ಬಳ್ಳಾರಿ ಮಾತಿನಲ್ಲಿ, ದನಿ ಏರಿಸದೆ, ಪಕ್ಕದಲ್ಲಿ ಕೂತವನಿಗೆ ಹೇಳಿದ ಹಾಗೆ ಬರೆದು ನೋಡು.

ಎರಡು ಲಕ್ಷ ಮತ್ತು ಎರಡು ಸಾವಿರದ ಹೋಲಿಕೆಯನ್ನು ಮಾತ್ರ ಬಿಡು. ಆ ಎರಡು ಲಕ್ಷ ಗುಂಪಿನ ಹೆಸರಿಗೆ, ಗುಂಪಿನ ಚಾನೆಲ್‌ಗೆ ಸೇರಿದ್ದು. ನಾಲ್ವರ ಗೆಳೆಯರು, ನಾಲ್ವರ ಓಣಿ, ನಾಲ್ವರ ಕ್ಲಾಸ್‌ನವರು ಹಂಚಿ ಹಂಚಿ ಅಷ್ಟಾಯಿತು. ನಿನ್ನ ಹೊಸ ಚಾನೆಲ್ ಸೊನ್ನೆಯಿಂದ ಶುರು. ಸೀಟಿ ಹೊಡೆದ ಹುಡುಗನಿಗೆ ನಿನ್ನ ಮುಖ ಗೊತ್ತು, ಹೆಸರು ಗೊತ್ತಿರಬೇಕು ಅಂತೇನಿಲ್ಲ.

ಕಾಲೇಜಿನ ಕಾರ್ಯಕ್ರಮಕ್ಕೆ ಹೋಗು. ಸೋತು ಬಂದ ಅಂತ ಒಬ್ಬಿಬ್ಬರು ಅಂದಾರು, ಅನ್ನಲಿ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನುವ ಗುಂಪು 1998ರಲ್ಲಿ ಒಡೆಯಿತು. ಅದರಲ್ಲಿದ್ದ ಕ್ಯೂ-ಟಿಪ್, ಫೈಫ್ ಡಾಗ್ ಇಬ್ಬರೂ ಚಿಕ್ಕಂದಿನ ಗೆಳೆಯರು. ಫೈಫ್ 2000ದಲ್ಲಿ ತನ್ನದೇ ಆಲ್ಬಮ್ ತಂದ, ಅದು ಅಷ್ಟಾಗಿ ನಡೆಯಲಿಲ್ಲ. ಎಷ್ಟೋ ವರ್ಷ ಮುನಿಸು ನಡೆಯಿತು. ಕೊನೆಗೆ ಮತ್ತೆ ಸೇರಿ ಒಂದು ಆಲ್ಬಮ್‌ಗೆ ಹಾಡಿದರು. 2016ರ ಮಾರ್ಚ್‌ನಲ್ಲಿ ಫೈಫ್ ತೀರಿಕೊಂಡ. ಆ ಆಲ್ಬಮ್ ನವೆಂಬರ್‌ನಲ್ಲಿ ಬಂದು ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದನ್ನು ನೋಡಲು ಅವನು ಇರಲಿಲ್ಲ. ಇದನ್ನು ಬರೆಯುವಾಗ ನನಗೆ ನಿಮ್ಮ ನಾಲ್ವರದೇ ಯೋಚನೆ. ನೀವು ಒಂದೇ ಊರಲ್ಲಿದ್ದೀರಿ, ಒಂದು ಆಟೋ ದೂರದಲ್ಲಿ.

ಗುಂಪಿಗೆ ಪೂರ್ತಿ ವಾಪಸ್ ಹೋಗಬೇಕೋ ಬೇಡವೋ ಅನ್ನುವುದನ್ನು ಈಗಲೇ ತೀರ್ಮಾನಿಸಬೇಡ. ಅದೂ ಮಾಡು, ಇದೂ ಮಾಡು. ಅಪ್ಪನ ಮಾತಿಗೆ ಬೇಜಾರಾಗಬೇಡ. ರಾತ್ರಿ ಒಂದರ ತನಕ ಲೈಟ್ ಉರಿಯುವುದು ಅವರಿಗೂ ಕಾಣುತ್ತದೆ, ಬೆಳಗ್ಗೆ ನಿನ್ನ ಕೆಂಪು ಕಣ್ಣೂ ಕಾಣುತ್ತದೆ. ಕೆಲಸ ಬಿಡುವುದಿಲ್ಲ ಅಂತ ಬಾಯಿಬಿಟ್ಟು ಹೇಳು. ಬರೆಯುವುದನ್ನು ಭಾನುವಾರಕ್ಕೆ, ರಜೆಗೆ ಇಟ್ಟುಕೋ.

ಕಾರ್ಯಕ್ರಮಕ್ಕೆ ಮುಂಚೆ ಆ ಬೀಟ್ ಗೆಳೆಯನನ್ನು ಒಬ್ಬನೇ ಹೋಗಿ ನೋಡು. ಫೋನ್‌ನಲ್ಲಿ ಬೇಡ. ‘ಸಿಟ್ಟಿನಲ್ಲಿ ಮಾತಾಡಿದೆ, ತಪ್ಪಾಯ್ತು’ ಅನ್ನು. ಆಮೇಲೆ ಆ ನೀಲಿ ಉಗುರಿನ ಹಾಡನ್ನು ಬೀಟ್ ಇಲ್ಲದೆ, ಬರೀ ಬಾಯಲ್ಲಿ ಓದಿ ತೋರಿಸು. ಎಲ್ಲಿ ಮುಖ ಕಿವುಚುತ್ತಾನೋ ಆ ಸಾಲಿಗೆ ಅಲ್ಲೇ ಗೆರೆ ಹಾಕಿಕೋ. ಬೀಟ್ ಮಾಡುತ್ತೇನೆ ಅಂದರೆ ಎಷ್ಟು ಕೊಡಬೇಕು ಅಂತ ಮೊದಲೇ ಕೇಳಿ ತೀರ್ಮಾನ ಮಾಡಿಕೋ, ಗೆಳೆಯ ಅಂತ ಪುಕ್ಕಟೆ ಮಾಡಿಸಬೇಡ. ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಾಲನ್ನು ಆ ಮೆತ್ತನೆ ದನಿಯವನ ಹತ್ತಿರ ಹೇಳಿಸಲು ಆಗುತ್ತಾ ಅಂತಲೂ ಕೇಳು.