ಹಿರಿಯರ ವಸತಿ ಸಮುದಾಯಕ್ಕೆ ಹೊಂದಿಕೊಳ್ಳಲು ಅಪ್ಪನಿಗೆ ಎಷ್ಟು ದಿನ ಬೇಕು?

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಬೆಂಗಳೂರಿನ ಹಿರಿಯರ ವಸತಿ ಸಮುದಾಯಕ್ಕೆ ಸೇರಿಸಿದ್ದೀರಿ, ಎರಡು ತಿಂಗಳಾದರೂ ಅವರು ಯಾರೊಂದಿಗೂ ಬೆರೆಯುತ್ತಿಲ್ಲ, ತಪ್ಪು ಮಾಡಿದೆವೇ ಎಂದು ಕೇಳಿದ್ದೀರಿ. ನನಗೆ 74 ವರ್ಷ. ಬಸವನಗುಡಿಯ ಮನೆ ಬಿಟ್ಟು ಕನಕಪುರ ರಸ್ತೆಯ ಇಂಥದೇ ಜಾಗಕ್ಕೆ ಬಂದು ಮೂರು ವರ್ಷವಾಯಿತು. ಎರಡು ತಿಂಗಳು ಏನೇನೂ ಸಾಲದು. ನನಗೆ ಐದು ತಿಂಗಳು ಹಿಡಿಯಿತು.

ಊಟಕ್ಕಾಗಲಿ ವೈದ್ಯರಿಗಾಗಲಿ ಇಲ್ಲಿ ಕೊರತೆಯಿಲ್ಲ. ಸಾರಿಗೆ ಖಾರ ಸಾಲದು ಎನ್ನಿಸಿದ್ದು ನಿಜ, ಅದು ನಾಲಿಗೆಗೆ ಒಗ್ಗಿಹೋಯಿತು. ಒಗ್ಗದೆ ಉಳಿದದ್ದು ಬೇರೆ. ಹಾಲು ತರುವುದು, ಕರೆಂಟ್ ಬಿಲ್ ಕಟ್ಟುವುದು, ಸಂಪ್‌ಗೆ ಕಾವೇರಿ ನೀರು ಬಂತೇ ಎಂದು ನೋಡುವುದು, ಮನೆಯಲ್ಲಿ ಇವೆಲ್ಲ ನನ್ನ ಪಾಲಿನ ಕೆಲಸ. ಇಲ್ಲಿ ಕುಡಿದ ಲೋಟವನ್ನೂ ಇನ್ನೊಬ್ಬರು ಎತ್ತಿಡುತ್ತಾರೆ. ಪೇಪರ್ ಓದಿ ಮಡಿಸಿಟ್ಟರೆ ಆಯಿತು, ಮುಂದೆ ನನ್ನಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ರಾತ್ರಿ ಮಗ ಫೋನ್ ಮಾಡಿ ‘ಊಟ ಆಯಿತೇ ಅಪ್ಪಾ’ ಎಂದರೆ, ‘ಆಯಿತು’ ಎಂದು ಇಟ್ಟುಬಿಡುತ್ತಿದ್ದೆ.

ಅಷ್ಟರಲ್ಲಿ ನವೆಂಬರ್ ಬಂತು. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ತೋರಿಸಲು ಜೀವಿತ ಪ್ರಮಾಣಪತ್ರ ಕೊಡುವ ತಿಂಗಳು. ಎದುರು ಮನೆಯ ಹಿರಿಯರೊಬ್ಬರಿಗೆ ಗಂಡನ ರೈಲ್ವೆ ನೌಕರಿಯ ಕುಟುಂಬ ಪಿಂಚಣಿ ಬರುತ್ತದೆ. ಎರಡು ಸಲ ಬ್ಯಾಂಕಿಗೆ ಹೋದರೂ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪಲಿಲ್ಲವಂತೆ. ಕೈ ಚಾಚಿ ತೋರಿಸಿದರು. ಜೀವಮಾನವೆಲ್ಲ ಪಾತ್ರೆ ತಿಕ್ಕಿದ ಬೆರಳು, ಗೆರೆಗಳೇ ಇಲ್ಲ, ಹೊಳೆಯ ಕಲ್ಲಿನಷ್ಟು ನುಣುಪು. ನಾನು 36 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೇ ಈ ಪ್ರಮಾಣಪತ್ರ ಪಡೆಯಬಹುದು ಎಂಬುದು ನನಗೆ ಗೊತ್ತಿತ್ತು. ಕಿಟಕಿಯ ಬೆಳಕಿಗೆ ಅವರನ್ನು ಕೂರಿಸಿ, ‘ನಿಧಾನವಾಗಿ ಕಣ್ಣು ಮಿಟುಕಿಸಿ ಅಮ್ಮಾ’ ಎಂದೆ. ಮೂರನೆಯ ಪ್ರಯತ್ನಕ್ಕೆ ಆಯಿತು. ಫೋನಿಗೆ ಸಂದೇಶ ಬಂದಾಗ ಅವರು ಅದನ್ನು ಎರಡು ಸಲ ಓದಿಸಿಕೊಂಡರು. ಮರುದಿನ ನನ್ನ ಬಾಗಿಲಲ್ಲಿ ಮೂವರು ನಿಂತಿದ್ದರು. ಆ ತಿಂಗಳು 19 ಜನರಿಗೆ ಮಾಡಿಕೊಟ್ಟೆ. ಅಂದಿನಿಂದ ಮಗನಿಗೆ ನಾನೇ ಫೋನ್ ಮಾಡತೊಡಗಿದೆ.

ಆದ್ದರಿಂದ ಅಪ್ಪನನ್ನು ಭಜನೆಗೆ ಹೋಗಿ, ಯೋಗಕ್ಕೆ ಹೋಗಿ ಎಂದು ಒತ್ತಾಯಿಸಬೇಡಿ. ಅವರಿಗೆ ಏನು ಬರುತ್ತದೆ ಎಂಬುದನ್ನು ಅಲ್ಲಿನ ವ್ಯವಸ್ಥಾಪಕರ ಕಿವಿಗೆ ಹಾಕಿ. ನಿಮ್ಮ ಮನೆಯ ಒಂದು ಕೆಲಸವನ್ನೂ ಅವರ ಕೈಯಲ್ಲೇ ಉಳಿಸಿ. ಹಳೆಯ ಬಡಾವಣೆಯ ನಂಟನ್ನೂ ಕಡಿಯಬೇಡಿ. ನಾನು ಪ್ರತಿ ಗುರುವಾರ ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು, ಗಾಂಧಿ ಬಜಾರಿಗೆ ಹೋಗಿಬರುತ್ತೇನೆ.

ಅವರು ಊಟವನ್ನೇ ಬಿಟ್ಟಿದ್ದರೆ, ನಿದ್ದೆ ಬಾರದೆ ಸೊರಗುತ್ತಿದ್ದರೆ ಮಾತ್ರ ಕಾಯಬೇಡಿ, ವೈದ್ಯರಿಗೆ ತೋರಿಸಿ. ಹೆಂಡತಿಯನ್ನು ಕಳೆದುಕೊಂಡ ದುಃಖ ಖಿನ್ನತೆಗೆ ತಿರುಗಿರಬಹುದು. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಮಾನಸಿಕ ಚಿಕಿತ್ಸೆಯ ಸೇವೆ ಇದೆ.

ಅಪ್ಪ ಯಾವ ಕೆಲಸದಲ್ಲಿದ್ದರು ಎಂದು ನೀವು ಬರೆದಿಲ್ಲ. ತಿಳಿಸಿ, ಅವರಿಂದ ಅಲ್ಲಿ ಏನಾದೀತು ಎಂದು ಕೂಡಿಯೇ ಯೋಚಿಸೋಣ.