ಕತ್ತಲಾಗಿದ್ದರೇನೇ ಸೈನ್ಸ್ ಫಿಕ್ಷನ್ ನಿಜ ಅನ್ನಿಸುತ್ತಾ?

ಬಾಹ್ಯಾಕಾಶದ ಟಿವಿ ಸರಣಿಗಳಲ್ಲಿ ನಿಮ್ಮ ಗೆಳೆಯರಿಗೆ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಪ್ರಾಣ, ನಿಮಗೆ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’. ಕತ್ತಲು, ಅಲುಗಾಡುವ ಕ್ಯಾಮೆರಾ ಇದ್ದರೇನೇ ಹೆಚ್ಚು ನೈಜ ಅಲ್ವಾ ಅಂತ ಕೇಳಿದ್ದೀರಿ.

ನನಗೆ ಹಾಗನ್ನಿಸುವುದಿಲ್ಲ. ಕಥೆ ಏನು ಕೇಳುತ್ತದೋ ಬೆಳಕು ಅದನ್ನು ಕೊಡಬೇಕು, ಅಷ್ಟೇ.

ಟ್ರೆಕ್ (1987–94) ನೋಡಿ. ಬಾಹ್ಯಾಕಾಶ ಹಡಗಿನ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಕಾರ್ಪೆಟ್, ಕ್ಯಾಪ್ಟನ್ ಕುರ್ಚಿಯ ಹಿಂದೆ ಬಾಗಿದ ಮರದ ಕಟಕಟೆ, ಎಲ್ಲೆಲ್ಲೂ ಬೆಳಕು. ಕಥೆ ನಡೆಯುವ ಭವಿಷ್ಯದ ಕಾಲದ ಮನುಷ್ಯರು ತಮ್ಮತಮ್ಮಲ್ಲಿ ಕಚ್ಚಾಡಬಾರದು ಅನ್ನುವುದು ಅದನ್ನು ಹುಟ್ಟುಹಾಕಿದ ಜೀನ್ ರಾಡನ್‌ಬರಿಯ ಹಟ. ಹಾಗಾಗಿ ಸಮಸ್ಯೆ ಬಂದರೆ ಮೇಜಿನ ಸುತ್ತ ಕೂತು ಮಾತಾಡುತ್ತಾರೆ. ಮಾತೇ ಮುಖ್ಯವಾದಾಗ ಮುಖ ಕಾಣಬೇಕು. 1989ರ ‘ದಿ ಮೆಷರ್ ಆಫ್ ಎ ಮ್ಯಾನ್’ ಕಂತಿನಲ್ಲಿ ಡೇಟಾ ಎಂಬ ಯಂತ್ರಮಾನವ ಸ್ಟಾರ್‌ಫ್ಲೀಟ್‌ನ (ಈ ಹಡಗುಗಳನ್ನು ನಡೆಸುವ ಪಡೆ) ಸ್ವತ್ತೋ, ಅವನಿಗೂ ಹಕ್ಕಿದೆಯೋ ಅಂತ ವಿಚಾರಣೆ ನಡೆಯುತ್ತದೆ. ಅದನ್ನು ಕತ್ತಲ ಕೋಣೆಯಲ್ಲಿ ತೆಗೆದರೆ ಏನು ಸಿಕ್ಕೀತು?

ಗ್ಯಾಲಾಕ್ಟಿಕಾದ ಲೆಕ್ಕವೇ ಬೇರೆ. ಅದರ ಹಡಗು ನಿವೃತ್ತಿಯಾಗಿ ಮ್ಯೂಸಿಯಂ ಆಗಬೇಕಿದ್ದ ಹಳೇ ಬಾಹ್ಯಾಕಾಶ ಯುದ್ಧನೌಕೆ. ಒಳಗೆ ವೈರ್ ಇರುವ ಫೋನುಗಳು. ಶತ್ರು ಯಂತ್ರಗಳು ನೆಟ್‌ವರ್ಕ್ ಮೂಲಕ ನುಗ್ಗುತ್ತವೆ ಅಂತ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿಯೇ ಇಲ್ಲ. ‘33’ ಅನ್ನುವ ಕಂತಿನಲ್ಲಿ 33 ನಿಮಿಷಕ್ಕೊಮ್ಮೆ ಶತ್ರು ಬರುತ್ತಾನೆ, ಐದು ದಿನದಿಂದ ಯಾರಿಗೂ ನಿದ್ದೆ ಇಲ್ಲ. ಕೆಂಪಾದ ಕಣ್ಣು, ಬೋಳಿಸದ ಗಡ್ಡ, ಸಣ್ಣ ಮಾತಿಗೂ ಸಿಡುಕು. ಕೈಯಲ್ಲೇ ಹಿಡಿದ ಕ್ಯಾಮೆರಾ ಇಲ್ಲಿ ಸರಿಯಾಗಿ ಕೂರುತ್ತದೆ.

ನಮ್ಮ ಕಾರವಾರದವರಿಗೆ ಇದು ಬೇಗ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಟ್ಯಾಗೋರ್ ಬೀಚ್‌ನಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ ಚಾಪೆಲ್ ಯುದ್ಧನೌಕೆ ಇದೆಯಲ್ಲ, ಅದರೊಳಗೆ ಇಕ್ಕಟ್ಟು ದಾರಿ, ತಗ್ಗು ಬಾಗಿಲು, ತಲೆ ಮೇಲೆಲ್ಲ ಪೈಪು, ವೈರು. ಗ್ಯಾಲಾಕ್ಟಿಕಾ ನೋಡುವಾಗ ನನಗೆ ಅದೇ ನೆನಪಾಗುತ್ತದೆ. ಹಾಗಂತ ಟ್ರೆಕ್ ಸುಳ್ಳಾಗುವುದಿಲ್ಲ. ಒಂದು ಯುದ್ಧದ ಹಡಗು, ಇನ್ನೊಂದು ಮನೆಮಂದಿ ಸಮೇತ ಹುಡುಕಾಟಕ್ಕೆ ಹೊರಟ ಹಡಗು.

ನನಗೆ ಬೇಸರವಿರುವುದು ಆಮೇಲೆ ಬಂದ ಎಷ್ಟೋ ಸರಣಿಗಳ ಬಗ್ಗೆ. ಕತ್ತಲನ್ನು ಮಾತ್ರ ತಗೊಂಡರು, ಕಾರಣವನ್ನು ಬಿಟ್ಟರು. ಹಗಲು ಹೊತ್ತು ಕಿಟಕಿ ತೆರೆದಿಟ್ಟು ನೋಡಿದರೆ ಯಾರು ಮಾತಾಡುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

ಗೆಳೆಯರ ಜೊತೆ ಕೂತು ಮೇಲೆ ಹೇಳಿದ ಎರಡೂ ಕಂತು ನೋಡಿ. ಆದರೆ ಅವರಿಗೆ ಮೊದಲು 2003ರ ಗ್ಯಾಲಾಕ್ಟಿಕಾ ಮಿನಿ ಸರಣಿ ತೋರಿಸಿ. ಸುಮ್ನೆ ‘33’ ಹಾಕಿಬಿಟ್ಟರೆ ಆ ಜನ ಯಾಕೆ ಓಡುತ್ತಿದ್ದಾರೆ ಅಂತ ತಿಳಿಯುವುದಿಲ್ಲ.